ವಿಮಾ ಪುಸ್ತಕಕ್ಕೆ ಭಂಡಾರ

ಮೊನ್ನೆ ಮಗಳು ಭೂಗೋಳದ ನಕಾಶೆಗೆ ಬಣ್ಣ ಹಚ್ಚಲು ಹಳದಿ ಪೆನ್ನು ಕೇಳಿದಳು. ಡಬ್ಬಿಯೊಳಗೆ ಕೈಯಾಡಿಸಿ ಒಂದನ್ನು ತೆಗೆದುಕೊಟ್ಟೆ. ಎರಡು ಗೆರೆ ಎಳೆದವಳೇ "ಮಮ್ಮೀ, ಇದು ಒಣಗ್ಯಾದ" ಎಂದು ನನ್ನ ಕೈಗೇ ವಾಪಸು ಹಾಕಿದಳು. ಒಣಗದೆ ಇನ್ನೇನಾದೀತು ಹೇಳಿ. ಮಹತ್ವದ ಸಾಲುಗಳ ಮೇಲೆ ಬಣ್ಣ ಬಳಿಯುವ ಆ ದಪ್ಪ ಮೂತಿಯ ಪೆನ್ನು ತನ್ನ ಹೊಟ್ಟೆಯಲ್ಲಿದ್ದ ಮಸಿಯನ್ನೆಲ್ಲ ನನ್ನ ವಿಮಾ ಪರೀಕ್ಷೆಯ ಪುಸ್ತಕದ ಮೇಲೆ ಸುರಿದು, ನನ್ನನ್ನು ಎರಡು ಸಲ ನಪಾಸು ಮಾಡಿಸಿ, ಆಮೇಲೆ ಪ್ರಾಣ ಬಿಟ್ಟಿತು. ಬಿಸಾಡಲು ಮನಸ್ಸಾಗದೆ ಇಟ್ಟುಕೊಂಡಿದ್ದೇನೆ.

ನನಗೆ ಗಾಬರಿ ಬಲು ಬೇಗ ಆಗುತ್ತದೆ. ಹಾಲು ಉಕ್ಕಿದರೂ ಎದೆ ಹಿಡಿದುಕೊಳ್ಳುವ ಹೆಂಗಸು ನಾನು. ನನ್ನ ಗಂಡ ತುರೋರಿಯಲ್ಲಿ ಹೆದ್ದಾರಿ ಬದಿಗೆ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟಿದ್ದಾರೆ. ದಿನವಿಡೀ ಕರೆಂಟಿನ ಜೊತೆ ಸರಸವಾಡುವ ಅವರಿಗೆ ಇಲ್ಲಿಯವರೆಗೆ ಒಂದು ಸಲವೂ ಶಾಕ್ ಹೊಡೆದಿಲ್ಲ. ಉಮರಗಾದ ವಿಮಾ ಕಚೇರಿಯಲ್ಲಿ ನೆರಳಿನಲ್ಲಿ ಕೂತು ಕೆಲಸ ಮಾಡುವ ನನಗೆ ದಿನಕ್ಕೆ ಮೂರು ಸಲ ಹೊಡೆಯುತ್ತದೆ. ಹೀಗೆಂದು ಅವರೇ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಾರೆ.

ನಲವತ್ತು ದಾಟಿದವಳಿಗೆ ಪರೀಕ್ಷೆಯೇನು ಬಂತು ಎಂದು ನೀವು ಕೇಳಬಹುದು. ವಿಮಾ ಕಚೇರಿಯಲ್ಲಿ ಪರೀಕ್ಷೆ ಎಂಬುದು ಮುಗಿಯುವ ಬಾಬತ್ತಲ್ಲ. ಮೊದಲು ಲೈಸೆನ್ಶಿಯೇಟ್ ಎಂಬ ಮೆಟ್ಟಿಲು, ಮೇಲೆ ಅಸೋಸಿಯೇಟ್, ಅದರ ಮೇಲೆ ಫೆಲೋ. ನಾನು ಎರಡನೆಯ ಮೆಟ್ಟಿಲಿನ ಕೊನೆಯ ಪೇಪರಿನಲ್ಲಿ ಕಾಲು ಸಿಕ್ಕಿಸಿಕೊಂಡು ನಿಂತಿದ್ದೆ. ಅದೊಂದು ಪಾಸಾದರೆ ಕ್ಲೇಮು ವಿಭಾಗದ ಅಧಿಕಾರಿ ಹುದ್ದೆಗೆ ನನ್ನ ಹೆಸರು ಹೋಗುತ್ತಿತ್ತು. ಆ ಪಟ್ಟಿ ಮುಚ್ಚುವ ಮೊದಲು ನನಗಿದ್ದದ್ದು ಮೂರು ಅವಕಾಶ. ಹದಿನಾಲ್ಕು ವರ್ಷ ಬೇರೆಯವರು ಹೇಳಿದ್ದನ್ನು ಟೈಪು ಮಾಡಿದ್ದೇನೆ. ಒಮ್ಮೆಯಾದರೂ ನಾನೇ ನೋಡಿ, ನಾನೇ ವಿಚಾರ ಮಾಡಿ, ನಾನೇ ಸಹಿ ಹಾಕಬೇಕು ಎಂಬ ಆಸೆ ನನಗಿತ್ತು. ಆಸೆಯಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯೇನಿಲ್ಲ.

ಮೊದಲನೆಯ ಸಲ ನಾನು ಮಾಡಿದ ಅಭ್ಯಾಸ ನೋಡಿದ್ದರೆ ಯಾರಾದರೂ ಬಂಗಾರದ ಪದಕ ಕೊಡುತ್ತಿದ್ದರು. ಮುನ್ನೂರು ಪುಟದ ಪುಸ್ತಕವನ್ನು ನಾಲ್ಕು ಸಲ ಓದಿದೆ. ಓದುವುದೆಂದರೆ ಗಟ್ಟಿಯಾಗಿ ಓದುವುದು. ಆ ಅಭ್ಯಾಸ ಅಪ್ಪನಿಂದ ಬಂದದ್ದು. ಆಳಂದದಲ್ಲಿ ನಮ್ಮಪ್ಪ ಪೋಸ್ಟ್‌ಮನ್. ರಜೆಯಲ್ಲಿ ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ನನ್ನನ್ನು ಕೂರಿಸಿಕೊಂಡು ಹಳ್ಳಿಗಳಿಗೆ ಹೋಗುತ್ತಿದ್ದ. ದಂಡಿಗೆಗೆ ಸುತ್ತಿದ ಹಳೇ ಟವೆಲ್ಲಿನ ಬೆವರಿನ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಕಾಗದ ಕೊಟ್ಟ ಮೇಲೆ ಅಪ್ಪ ಅಲ್ಲಿಂದ ಹೊರಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಒಡೆದು ಓದಿ ಹೇಳುತ್ತಿದ್ದ. ನನಗೆ ಅಕ್ಷರ ಬಂದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಯಾರದೋ ಹೆರಿಗೆ, ಯಾರದೋ ಸಾವು, ಯಾರೋ ಪುಣೆಯಲ್ಲಿ ಕೆಲಸಕ್ಕೆ ಹತ್ತಿದ ಸುದ್ದಿ, ಎಲ್ಲವನ್ನೂ ನಾನು ಮಗ್ಗಿ ಒಪ್ಪಿಸುವ ದನಿಯಲ್ಲೇ ಓದುತ್ತಿದ್ದೆ. ಕೇಳಿದವರು ಅತ್ತರೆ ಬೆಚ್ಚಿ ಅಪ್ಪನ ಮುಖ ನೋಡುತ್ತಿದ್ದೆ. "ಕೊಟ್ರ ಅರ್ಧಾ ಕೆಲಸ ಆಗ್ತದ, ಓದಿ ತಿಳಿಸಿದ್ರ ಪೂರಾ ಆಗ್ತದ" ಎನ್ನುತ್ತಿದ್ದ ಅಪ್ಪ. ಹಳ್ಳಿಯವರು ಕೊಡುತ್ತಿದ್ದ ಹುರಿಗಡಲೆಯ ಮೇಲೆ ನನ್ನ ಗಮನವಿದ್ದದ್ದರಿಂದ ಆ ಮಾತು ಆಗ ತಲೆಗೆ ಹೋಗಿರಲಿಲ್ಲ.

ಗಟ್ಟಿಯಾಗಿ ಓದಿದ್ದರ ಜೊತೆಗೆ ಹಳದಿ ಪೆನ್ನು ಹಿಡಿದು ಮಹತ್ವದ ಸಾಲುಗಳಿಗೆ ಬಣ್ಣ ಹಚ್ಚಿದೆ. ಮೊದಲನೆಯ ಸಲ ಅಲ್ಲೊಂದು ಇಲ್ಲೊಂದು. ಎರಡನೆಯ ಸಲ ಓದುವಾಗ, ಅಯ್ಯೋ ಇದೂ ಮಹತ್ವದ್ದೇ ಎನಿಸಿತು. ಮೂರನೆಯ ಸಲ, ಇದನ್ನು ಬಿಟ್ಟರೆ ಇದೇ ಬರುತ್ತದೆ ಎಂಬ ಭಯ. ನಾಲ್ಕನೆಯ ಸಲಕ್ಕೆ ಮುನ್ನುಡಿಗೂ ಬಣ್ಣ ಬಂತು. ಪುಸ್ತಕ ಮುಚ್ಚಿದಾಗ ಅಂಚಿನಿಂದಲೂ ಹಳದಿ ಕಾಣುತ್ತಿತ್ತು. ಅದನ್ನು ನೋಡಿ ನನಗೆ ಎಲ್ಲ ಬಂತು ಎಂಬ ಸಮಾಧಾನವಾಯಿತು. ಯಾವ ಪುಟ ತೆರೆದರೂ ಗುರುತಿನ ಮುಖವೇ.

ಉದಗೀರಿನ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಪರೀಕ್ಷೆ. ನಮ್ಮ ಕಾಲದಲ್ಲಿ ಪರೀಕ್ಷೆಗೂ ಫಲಿತಾಂಶಕ್ಕೂ ನಡುವೆ ಒಂದು ಇಡೀ ಬೇಸಿಗೆ ಇರುತ್ತಿತ್ತು. ಆ ಬೇಸಿಗೆಯಲ್ಲಿ ನಪಾಸಾಗುವವರೂ ಮಾವಿನಹಣ್ಣು ತಿಂದು ಸುಖವಾಗಿರುತ್ತಿದ್ದರು. ಈಗ ಕಡೆಯ ಗುಂಡಿ ಒತ್ತಿ ಕೈ ತೆಗೆಯುವುದರೊಳಗೆ ಪರದೆಯ ಮೇಲೆ ಬಂದುಬಿಡುತ್ತದೆ. ನನಗೂ ಬಂತು. ಫೇಲ್. ನಾನು ಬೇರೆ ಯಾರದೋ ಕಂಪ್ಯೂಟರಿನ ಮುಂದೆ ಕೂತಿರಬೇಕೆಂದು ಹೆಸರು ನೋಡಿದೆ. ನನ್ನದೇ ಹೆಸರು, ನನ್ನದೇ ಫೋಟೋ. ಪ್ರಶ್ನೆಗಳೆಲ್ಲ ನಾನು ಓದಿದ್ದವೇ. ಆ ಸಾಲು ಯಾವ ಪುಟದ ಯಾವ ಬದಿಗಿದೆ ಎಂಬುದೂ ಕಣ್ಣ ಮುಂದಿತ್ತು. ಸಾಲಿನೊಳಗೆ ಏನಿತ್ತು ಎಂಬುದಷ್ಟೇ ಇರಲಿಲ್ಲ.

ಎರಡನೆಯ ಸಲ ಐದು ಬಾರಿ ಓದಿದೆ. ಮತ್ತೆ ಫೇಲ್, ಹಿಂದಿಗಿಂತ ಎರಡು ಅಂಕ ಕಡಿಮೆ. ವಾಪಸು ಬರುವಾಗ ನಿಲಂಗಾದಲ್ಲಿ ಬಸ್ಸು ಬದಲಿಸಬೇಕು. ನನ್ನ ನೌಕರಿ ಶುರುವಾದದ್ದು ಅದೇ ಊರಿನಲ್ಲಿ, ಟೈಪು ಮಾಡುವ ಕೆಲಸದಿಂದ. ಹಳೆಯ ಸಹೋದ್ಯೋಗಿಗಳು ಯಾರಾದರೂ ಕಂಡು ಪರೀಕ್ಷೆ ಏನಾಯಿತು ಎಂದು ಕೇಳಿಬಿಟ್ಟಾರೆಂದು ನಾನು ಬಸ್ ಸ್ಟ್ಯಾಂಡಿನಲ್ಲಿ ಸೆರಗನ್ನು ಮುಖದವರೆಗೆ ಎಳೆದುಕೊಂಡು, ಕಂಬದ ಹಿಂದೆ ನಿಂತಿದ್ದೆ.

ಮನೆಗೆ ಬಂದು ಕಟ್ಟೆಯ ಮೇಲೆ ಪುಸ್ತಕ ಎಸೆದು ಕೂತೆ. ಅಲ್ಲಿ ಮಾಳವ್ವ ಆಯಿ ಇದ್ದಳು. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಅವಳದು. ಅವಳ ಮಗನ ಹತ್ತಿರ ಇಪ್ಪತ್ತೆಂಟು ಕುರಿಗಳಿವೆ. ಮನೆಯ ಹಿಂದಿನ ಬಯಲಿನಲ್ಲಿ ಅವುಗಳ ದೊಡ್ಡಿ. ಸಂಜೆ ನಾನು ಕಚೇರಿಯಿಂದ ಬರುವ ಹೊತ್ತಿಗೆ ಆಯಿ ನಮ್ಮ ಕಟ್ಟೆಗೆ ಬಂದು ಕೂತು ಕದರಿನಲ್ಲಿ ಉಣ್ಣೆ ನೂಲುತ್ತಾಳೆ. ಮರಾಠಿ ಊರಿನಲ್ಲಿ ಮನೆಯಾಚೆ ನನ್ನ ಕನ್ನಡಕ್ಕೆ ಅವಳೇ ಗತಿ, ಅವಳ ಕನ್ನಡಕ್ಕೆ ನಾನು. ಅವಳು ಪುಸ್ತಕವನ್ನು ಕೈಗೆತ್ತಿಕೊಂಡು ಹಾಳೆ ತಿರುವಿದಳು. ಅವಳಿಗೆ ಓದು ಬರುವುದಿಲ್ಲ.

"ಏನಿದು ಬಾಯಿ, ಪುಸ್ತಕಕ್ಕ ಭಂಡಾರ ಹೊಡದೀದಿ?"

ಭಂಡಾರ ಎಂದರೆ ಅವರ ಬೀರಪ್ಪ ದೇವರ ಅರಿಶಿನ ಪುಡಿ. "ಭಂಡಾರ ಅಲ್ಲ ಆಯಿ. ಮಹತ್ವದ ಸಾಲಿಗಿ ಗುರುತ ಹಾಕೀನಿ" ಎಂದೆ.

"ಇಲ್ಲೀನೂ ಅದ, ಇಲ್ಲೀನೂ ಅದ. ಎಲ್ಲಾನೂ ಮಹತ್ವದವೇನು?"

"ಪರೀಕ್ಷಾದಾಗ ಯಾವುದು ಬರ್ತದೋ ಯಾರಿಗಿ ಗೊತ್ತು."

ಅವಳು ಪುಸ್ತಕವನ್ನು ಮುಚ್ಚಿ ನನ್ನ ತೊಡೆಯ ಮೇಲಿಟ್ಟಳು. "ನಮ್ಮ ಹಿಂಡಿನಾಗ ಬೀರಪ್ಪಗ ಬಿಟ್ಟ ಟಗರು ಒಂದೇ ಇರ್ತದ. ಅದರ ನೆತ್ತಿಗಿ ಭಂಡಾರ ಹಚ್ತೀವಿ. ಅದಕ್ಕ ಅದು ದೂರಿಂದ ಕಾಣ್ತದ. ನೀ ಎಲ್ಲಾಕೂ ಹಚ್ಚಿ ಬಿಟ್ಟೀದಿ. ಈಗ ದೇವರ ಟಗರು ಯಾವುದಂತ ಹ್ಯಾಂಗ ಹುಡಕ್ತಿ?"

ಎರಡು ಸಲ ಪರೀಕ್ಷಾ ಶುಲ್ಕ ಕಟ್ಟಿ, ಉದಗೀರಿಗೆ ಹೋಗಿ ಬಂದು ನನಗೆ ತಿಳಿಯದೆ ಹೋದದ್ದನ್ನು ಈ ಮುದುಕಿ ಹಾಳೆ ತಿರುವಿದಷ್ಟರಲ್ಲಿ ಹೇಳಿದ್ದಳು. ಸಿಟ್ಟು ಬಂತು. ಅವಳ ಮೇಲಲ್ಲ, ನನ್ನ ಮೇಲೆಯೂ ಅಲ್ಲ, ಆ ಪೆನ್ನಿನ ಮೇಲೆ. ನಾವು ಹೀಗೆಯೇ ಅಲ್ಲವೇ, ತಪ್ಪು ಹೊರಿಸಲು ಒಂದು ವಸ್ತು ಬೇಕು.

ಮರುದಿನ ಸಂಜೆ ಅವಳು ನನ್ನನ್ನು ದೊಡ್ಡಿಯ ಹತ್ತಿರ ಕರೆದೊಯ್ದಳು. ಮಗ ಹಿಂಡು ಹೊಡೆದುಕೊಂಡು ಬಂದಿದ್ದ. ಮುಳ್ಳಿನ ಬೇಲಿಯ ಒಳಗೆ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು.

"ಎಲ್ಲಾ ಅವ ಏನು ನೋಡು" ಎಂದಳು.

ನಾನು ಬೇಲಿಯ ಮೇಲಿಂದ ಇಣುಕಿದೆ. ದೊಡ್ಡಿ ತುಂಬಿತ್ತು. "ಎಲ್ಲಾ ಅವ ಅನಸ್ತದ."

ಅವಳು ಮಗನಿಗೆ ಕೂಗಿ ಹೇಳಿ ಹಿಂಡನ್ನು ಹೊರಗೆ ಬಿಡಿಸಿದಳು. ಆಮೇಲೆ ಒಂದೇ ಕುರಿ ಹಾಯುವಷ್ಟು ಸಂದಿ ಉಳಿಸಿ, ಅದರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಕುರಿಗಳು ಒಂದೊಂದಾಗಿ ಒಳಗೆ ನುಗ್ಗಿದವು. ಅವಳ ತುಟಿ ಅಲುಗಲಿಲ್ಲ, ಬೆರಳು ಮಡಚಲಿಲ್ಲ. ಕೊನೆಯದು ಹೋದ ಮೇಲೆ, "ಸೀಳಗಿವಿ ಮತ್ತ ಅದರ ಮರಿ ಬಂದಿಲ್ಲ" ಎಂದಳು. ಮಗ ಹೋಗಿ ಕಬ್ಬಿನ ಗದ್ದೆಯ ಬದುವಿನಿಂದ ಕಿವಿ ಸೀಳಿದ ಒಂದು ಕುರಿಯನ್ನೂ ಅದರ ಮರಿಯನ್ನೂ ಹಿಡಿದು ತಂದ.

"ನೀ ಎಣಸಲೇ ಇಲ್ಲಲ್ಲ ಆಯಿ?"

"ಎಣಸಂಗಿಲ್ಲ. ಬರದೇ ಇದ್ದದ್ದು ಯಾವುದಂತ ನೋಡ್ತೀನಿ. ಮ್ಯಾಲಿಂದ ನೋಡಿದ್ರ ಹಿಂಡು ಯಾವಾಗಲೂ ತುಂಬಿದಂಗೇ ಕಾಣ್ತದ ಬಾಯಿ. ಬಾಗಲದಾಗ ಕೂತು ಒಂದೊಂದ ಒಳಗ ಕರೀಬೇಕು. ಆಗ ಗೊತ್ತಾಗ್ತದ."

ನಾನು ಒಂಬತ್ತು ಸಲ ಬೇಲಿಯ ಮೇಲಿಂದ ಇಣುಕಿ ಬಂದಿದ್ದೆ. ಹಾಗೆಂದು ಆ ಬಯಲಿನಲ್ಲಿ ಹೊಳೆದಾಗ ನನಗಾದ ಗಾಬರಿ ಫೇಲ್ ಎಂದು ಕಂಡಾಗಲೂ ಆಗಿರಲಿಲ್ಲ. ಏಕೆಂದರೆ ಈ ಪರೀಕ್ಷೆಯ ಮಾತು ಹಾಗಿರಲಿ, ಇಡೀ ಶಾಲೆ, ಕಾಲೇಜು, ಬಿ.ಕಾಂ. ಎಲ್ಲವನ್ನೂ ನಾನು ಹಾಗೆಯೇ ಇಣುಕಿ ಇಣುಕಿ ಮುಗಿಸಿದ್ದೆ.

ಅವತ್ತಿನಿಂದ ಓದು ಬದಲಾಯಿತು. ಬೆಳಿಗ್ಗೆ ಒಂದು ಅಧ್ಯಾಯ ಓದುವುದು, ಒಂದೇ ಸಲ. ಸಂಜೆ ಪುಸ್ತಕ ಮುಚ್ಚಿಟ್ಟು ಅದನ್ನು ಕಟ್ಟೆಯ ಮೇಲೆ ಆಯಿಗೆ ಕನ್ನಡದಲ್ಲಿ ಹೇಳುವುದು. ಬಾಯಿಗೆ ಬರದೆ ಹೋದದ್ದನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು. ಮರುದಿನ ಆ ಚೀಟಿ ಹಿಡಿದು ಹುಡುಕುವುದು. ಮೂರು ದಿನ ಬಿಟ್ಟು ಮತ್ತೆ ಬಾಗಿಲಲ್ಲಿ ಕೂತು ಕರೆಯುವುದು. ಮೊದಲ ದಿನ ಹೇಳಲು ಬಾಯಿ ತೆರೆದೆ ನೋಡಿ, ಒಂದು ಅಧ್ಯಾಯದಿಂದ ನಾಲ್ಕು ಕುರಿಯೂ ಬರಲಿಲ್ಲ. ಇಂಗ್ಲಿಷಿನಲ್ಲಿ ಓದಿ, ಮರಾಠಿಯಲ್ಲಿ ತಿಳಿದುಕೊಂಡು, ಕನ್ನಡದಲ್ಲಿ ಹೇಳಲು ಹೋದಾಗ ನಡುವೆ ಎಲ್ಲಿ ಪೊಳ್ಳಿದೆ ಎಂಬುದು ನನಗೇ ಕೇಳಿಸುತ್ತಿತ್ತು. ಆಯಿಗೂ ಕೇಳಿಸುತ್ತಿತ್ತು. ನಾನು ಗೊತ್ತಿಲ್ಲದ್ದನ್ನು ಗೊತ್ತಿದ್ದವಳ ಹಾಗೆ ಹೇಳತೊಡಗಿದರೆ ಅವಳ ಕದರು ನಿಂತುಬಿಡುತ್ತಿತ್ತು. ನಾನು ಚೀಟಿಗೆ ಕೈ ಹಾಕುತ್ತಿದ್ದೆ.

ನನ್ನ ಗಂಡನಿಗೆ ಇದೊಂದು ತಮಾಷೆಯಾಯಿತು. "ಆಯೀನ ಹೆಸರಲೇ ಫಾರ್ಮ್ ತುಂಬಬೇಕಾಗಿತ್ತು. ಆಕಿ ಪಾಸ ಆಗ್ತಿದ್ದಳು" ಎಂದರು. ಎರಡು ವಾರ ಕಳೆದ ಮೇಲೆ ಆ ಮಾತು ನನಗೆ ತಮಾಷೆ ಎನಿಸಲಿಲ್ಲ.

ಪರಮ ವಿಶ್ವಾಸದ ಅಧ್ಯಾಯ ಬಂತು. ವಿಮೆ ಮಾಡಿಸುವವನು ತನಗೆ ಗೊತ್ತಿರುವುದನ್ನೆಲ್ಲ ಮುಚ್ಚಿಡದೆ ಹೇಳಬೇಕು ಎಂಬುದು ಅದರ ತಿರುಳು. ಪುಸ್ತಕದಲ್ಲಿ ಅದಕ್ಕೊಂದು ನಾಲಿಗೆ ತಿರುಚುವ ಲ್ಯಾಟಿನ್ ಹೆಸರಿದೆ. ನಾನು ಹೆಸರಿನ ಜೊತೆ ಗುದ್ದಾಡುತ್ತಿದ್ದೆ.

"ಅಂದ್ರ ಭಂಡಾರ ಹಿಡದು ಹೇಳಿದಂಗ" ಎಂದಳು ಆಯಿ. ಅವರಲ್ಲಿ ಭಂಡಾರ ಕೈಯಲ್ಲಿ ಹಿಡಿದವನು ಸುಳ್ಳು ಹೇಳುವಂತಿಲ್ಲ.

"ಹೌದು ಆಯಿ, ಹಂಗೇ."

"ಭಂಡಾರ ನಾವೊಬ್ಬರೇ ಹಿಡೀಬೇಕೋ, ಆಫೀಸಿನವರೂ ಹಿಡೀಬೇಕೋ?"

ಪುಸ್ತಕ ತೆಗೆದು ನೋಡಿದೆ. ಎರಡೂ ಕಡೆಯವರಿಗೂ ಇದು ಅನ್ವಯಿಸುತ್ತದೆ ಎಂದು ಒಂದು ಸಾಲಿತ್ತು. ಅದು ಒಂಬತ್ತು ಸಲ ನನ್ನ ಕಣ್ಣಿನ ಕೆಳಗೆ ಹಾದುಹೋಗಿತ್ತು, ಅದರ ಮೇಲೆ ಹಳದಿಯೂ ಇತ್ತು. "ಇಬ್ಬರೂ ಹಿಡೀಬೇಕು" ಎಂದೆ. ಅವಳು ಮತ್ತೆ ನೂಲತೊಡಗಿದಳು.

ಜಾನುವಾರು ವಿಮೆಯ ಅಧ್ಯಾಯದಲ್ಲಿ ಇನ್ನೊಂದು ಸಲ ಹೀಗಾಯಿತು. ವಿಮೆ ಮಾಡಿಸಿದ ಕುರಿಯ ಕಿವಿಗೆ ನಂಬರು ಇರುವ ಹಳದಿ ಬಿಲ್ಲೆ ಹಾಕುತ್ತಾರೆ. ಕುರಿ ಸತ್ತರೆ ಆ ಬಿಲ್ಲೆಯನ್ನು ಕಚೇರಿಗೆ ಕೊಡಬೇಕು. ಇದು ನನಗೆ ಅನ್ನ ನೀರಿನಷ್ಟು ಗೊತ್ತಿದ್ದ ವಿಷಯ. ಸರಾಗವಾಗಿ ಹೇಳಿಕೊಂಡು ಹೊರಟೆ.

"ಸಿಡಲ ಬಡದು ಸತ್ರ?" ಎಂದು ನಡುವೆ ಕೇಳಿದಳು.

"ಕೊಡ್ತಾರ. ಬಿಲ್ಲಾ ತಂದು ಕೊಡಬೇಕು, ಅಷ್ಟೇ."

"ಬಿಲ್ಲಾ ಇಲ್ಲಂದ್ರ?"

"ಬಿಲ್ಲಾ ಇಲ್ಲಂದ್ರ ಕ್ಲೇಮು ಇಲ್ಲ."

ಕದರು ನಿಂತಿತು. ನಾನು ತಪ್ಪು ಹೇಳಿದೆನೇನೋ ಎಂದು ಪುಸ್ತಕ ತೆಗೆದು ನೋಡಿದೆ. ಸರಿಯಾಗಿಯೇ ಹೇಳಿದ್ದೆ. ಆದರೂ ಕದರು ಸುತ್ತಲಿಲ್ಲ.

"ಯಾಕ ತಂದಿಲ್ಲಪಾ ಅಂತ ಒಂದು ಮಾತ ಕೇಳಂಗಿಲ್ಲೇನು ಅವರು?"

"ಕೇಳಬೇಕು ಆಯಿ. ಇಲ್ಲ ಅನ್ನೂ ಮುಂಚೆ ಬರದು ಕೇಳಬೇಕಂತ ಅದ. ಬ್ಯಾರೆ ಪುರಾವೆ ಇದ್ರ ನೋಡಬೇಕು."

"ಹಂಗಂತ ಪುಸ್ತಕದಾಗ ಅದ?"

"ಅದ."

"ಬರಕೋ ಚೀಟಿಮ್ಯಾಗ" ಎಂದಳು. ನನಗೆ ಬರುತ್ತಿದ್ದ ವಿಷಯವನ್ನು ಚೀಟಿಯ ಮೇಲೆ ಬರೆದುಕೊಳ್ಳಲು ಅವಳು ಹೇಳಿದ್ದು ಅದೊಂದೇ ಸಲ. ನಾನು ಬರೆದುಕೊಂಡೆ. ಹಿರಿಯರ ಮಾತು ಎಂದುಕೊಂಡೆನೇ ಹೊರತು ಯಾಕೆ ಎಂದು ಕೇಳಲಿಲ್ಲ. ಗಾಬರಿಬೀಳುವವರು ಗಮನಿಸುವವರೂ ಆಗಿರಬೇಕೆಂದು ನೇಮವಿಲ್ಲ.

ಮೂರನೆಯ ಸಲ ಉದಗೀರಿಗೆ ಹೊರಟ ಬೆಳಿಗ್ಗೆ ಅವಳು ನನ್ನ ಹಣೆಗೆ ಭಂಡಾರ ಹಚ್ಚಿದಳು. ಒಂದೇ ಬೆರಳಿನಿಂದ, ಒಂದೇ ಗೆರೆ. "ಪಾಸಾಗಿ ಬಾ. ನನ್ನದೂ ಒಂದು ಕೆಲಸ ಅದ ನಿನ್ನ ಕಡೆ" ಎಂದಳು. ವೃದ್ಧಾಪ್ಯ ವೇತನದ ಅರ್ಜಿ ತುಂಬಿಸುವುದಿರಬೇಕು ಎಂದುಕೊಂಡು ಬಸ್ಸು ಹತ್ತಿದೆ. ಪರೀಕ್ಷೆಯಲ್ಲಿ ಪ್ರಶ್ನೆಗಳನ್ನು ನೋಡಿದಾಗ ಪುಟದ ಬದಿ ನೆನಪಾಗಲಿಲ್ಲ, ಹಳದಿ ನೆನಪಾಗಲಿಲ್ಲ. ಆಯಿಯ ಪ್ರಶ್ನೆಗಳು ನೆನಪಾದವು. ಕ್ಲೇಮು ತಿರಸ್ಕರಿಸುವ ಮೊದಲು ಕಂಪನಿ ಏನು ಮಾಡಬೇಕು ಎಂಬ ಪ್ರಶ್ನೆಯೂ ಅಲ್ಲಿತ್ತು. ಅದನ್ನು ಓದಿ ನಾನು ಪರೀಕ್ಷಾ ಕೋಣೆಯಲ್ಲಿ ನಕ್ಕೆ, ಮೇಲ್ವಿಚಾರಕಿ ನನ್ನ ಕಡೆ ತಿರುಗಿ ನೋಡಿದಳು.

ಕಡೆಯ ಗುಂಡಿ ಒತ್ತಿ ಕಣ್ಣು ಮುಚ್ಚಿದೆ. ತೆರೆದಾಗ ಪಾಸ್ ಎಂದಿತ್ತು. ಆಗ ನನಗಾದ ಆಘಾತ ಹಿಂದಿನ ಎರಡನ್ನೂ ಮೀರಿಸಿತು. ಮತ್ತೆ ಹೆಸರು ನೋಡಿದೆ, ಫೋಟೋ ನೋಡಿದೆ. ನಿಲಂಗಾದ ಬಸ್ ಸ್ಟ್ಯಾಂಡಿನಲ್ಲಿ ಸೆರಗು ಇಳಿಸಿಕೊಂಡು ಬಯಲಿನ ಮಧ್ಯೆ ಹೋಗಿ ನಿಂತೆ, ಯಾರಾದರೂ ಕಂಡು ಪರೀಕ್ಷೆ ಏನಾಯಿತು ಎಂದು ಕೇಳಲಿ ಎಂದು. ಒಬ್ಬರೂ ಬರಲಿಲ್ಲ.

ಪೇಡೆಯ ಪೊಟ್ಟಣ ಹಿಡಿದುಕೊಂಡು ಮೊದಲು ಆಯಿಯ ಹತ್ತಿರವೇ ಹೋದೆ. ಪಾಸಾದೆ ಎಂದು ಹೇಳಿದ್ದಕ್ಕೆ ಅವಳು ತಲೆಯಾಡಿಸಿ, ಪೇಡೆಯನ್ನು ಪಕ್ಕಕ್ಕಿಟ್ಟು ಒಳಗೆ ಹೋದಳು. ದೇವರ ಜಗಲಿಯಿಂದ ಒಂದು ಬಟ್ಟೆಯ ಗಂಟು ತಂದಳು. ಅದರೊಳಗೆ ನಾಲ್ಕಾಗಿ ಮಡಚಿದ ಒಂದು ಕಾಗದ, ಮಡಿಕೆಯ ಉದ್ದಕ್ಕೂ ಸವೆದಿತ್ತು.

"ಇದನ್ನ ಓದಿ ಹೇಳು."

ಅವಳು ಹೇಳಿದ್ದನ್ನು ಕೇಳಿ. ಹನ್ನೆರಡು ವರ್ಷದ ಹಿಂದೆ ಅವರು ನಿಲಂಗಾ ತಾಲೂಕಿನ ಔರಾದ ಶಹಾಜನಿಯಲ್ಲಿದ್ದರು. ಒಂದು ಮಧ್ಯಾಹ್ನ ಬೇವಿನ ಮರದ ಕೆಳಗೆ ಸಿಡಿಲು ಬಡಿದು ಹನ್ನೊಂದು ಕುರಿ ಸತ್ತವು. ಹನ್ನೊಂದಕ್ಕೂ ವಿಮೆಯಿತ್ತು, ಕಿವಿಯಲ್ಲಿ ಬಿಲ್ಲೆಯಿತ್ತು. ಅವರ ಮನೆತನದಲ್ಲಿ ಸಿಡಿಲು ಬಡಿದ ಜೀವವೆಂದರೆ ದೇವರು ಮುಟ್ಟಿದ್ದು. ಅದಕ್ಕೆ ಕತ್ತಿ ತಾಗಿಸುವಂತಿಲ್ಲ, ಅದರ ಮೈಮೇಲಿನದನ್ನು ಕಳಚುವಂತಿಲ್ಲ. ಅವಳ ಗಂಡ ಸಿದ್ದಪ್ಪ ಹನ್ನೊಂದನ್ನೂ ಭಂಡಾರ ಹಾಕಿ ಬಿಲ್ಲೆಯ ಸಮೇತ ಹೂಳಿದ. ಆಮೇಲೆ ಕ್ಲೇಮಿನ ಅರ್ಜಿ ಕೊಟ್ಟ. ಕೆಲವು ದಿನಕ್ಕೆ ಈ ಕಾಗದ ಬಂತು, ಇಂಗ್ಲಿಷಿನಲ್ಲಿ.

"ಬಸ್ ಸ್ಟ್ಯಾಂಡಿನಾಗ ಒಬ್ಬಂವಗ ತೋರಸ್ಯಾರ ನಮ್ಮವರು. ಅಂವಾ ಮ್ಯಾಲಿಂದ ನೋಡಿ, ಕುರಿ ಸತ್ತಾವಂತ ಸುಳ್ಳ ಹೇಳೀರಿ ಅಂತ ಬರದಾರ ಅಂದ. ಭಂಡಾರ ಹಿಡಿಯೂ ಮನುಷ್ಯಾ ಅವರು. ಆ ಮ್ಯಾಲ ಈ ಕಾಗದ ಯಾರಿಗೂ ತೋರಸಲಿಲ್ಲ. ನನ್ನ ಮಗಗೂ ಮುಟ್ಟಗೊಡಲಿಲ್ಲ. ಉಳಿದ ಕುರಿ ಮಾರಿ ಈ ಊರಿಗಿ ಕರಕೊಂಡು ಬಂದ್ರು. ಸಾಯೂತನಕ ಅದೇ ಮಾತು, ನನಗ ಸುಳ್ಳ ಅಂದ್ರು ಅಂತ."

"ನನಗ ಮೊದಲೇ ಯಾಕ ತೋರಸಲಿಲ್ಲ ಆಯಿ? ಎರಡು ವರ್ಷ ಆತು ದಿನಾ ನಮ್ಮ ಕಟ್ಟಿಮ್ಯಾಲ ಕೂಡ್ತಿ."

"ಅರ್ಧಾಮರ್ಧಾ ಓದಿದವನ ಕಡಿಂದ ಓದಿಸಿ ಒಮ್ಮೆ ಕೆಟ್ಟೀವಿ. ನೀನೂ ಎರಡು ಸಲ ನಪಾಸಾದಾಕಿ. ಪಾಸಾಗಲಿ ಅಂತ ಕಾದೆ."

ನಾನು ಕಾಗದ ಬಿಚ್ಚಿದೆ. ಮೇಲೆ ನಿಲಂಗಾದ ನಮ್ಮ ಶಾಖೆಯ ಹೆಸರಿತ್ತು. ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ನಿಮ್ಮ ಅರ್ಜಿ ಬಂದಿದೆ. ಹನ್ನೊಂದು ಕುರಿಗಳ ಕಿವಿಯ ಬಿಲ್ಲೆ ನಮಗೆ ತಲುಪಿಲ್ಲ. ಬಿಲ್ಲೆ ಕೊಡಲಾಗದಿರುವುದಕ್ಕೆ ಕಾರಣವೇನಾದರೂ ಇದ್ದರೆ ಹದಿನೈದು ದಿನದೊಳಗೆ ದಯವಿಟ್ಟು ತಿಳಿಸಿ. ಪಶು ವೈದ್ಯರ ದಾಖಲೆ, ಊರವರ ಪಂಚನಾಮೆ ಇದ್ದರೆ ಅದನ್ನೂ ಜೊತೆಗೆ ಕೊಡಿ. ಏನೂ ತಿಳಿಸದಿದ್ದರೆ ಅರ್ಜಿಯನ್ನು ಮುಚ್ಚಲಾಗುವುದು. ಇಷ್ಟೇ.

"ಈಗ ಕಾಗದ ಮುಚ್ಚಿ ಹೇಳು" ಎಂದಳು ಆಯಿ.

ಮುಚ್ಚಿ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಸಂದಿಯ ಪಕ್ಕದಲ್ಲಿ ಕೂತು ನೋಡುತ್ತಿದ್ದಂತೆ.

"ಸುಳ್ಳ ಅನ್ನೂ ಮಾತ ಬಂತೇನು?"

"ಬರಲಿಲ್ಲ ಆಯಿ. ಅದರಾಗ ಇಲ್ಲೇ ಇಲ್ಲ. ಯಾಕ ತಂದಿಲ್ಲ, ಹೇಳ್ರಿ ಅಂತ ಕೇಳ್ಯಾರ."

"ಡಾಕ್ಟರ ಬಂದಿದ್ದ. ಪಂಚನಾಮಿನೂ ಆಗಿತ್ತು" ಎಂದಳು ಮೆಲ್ಲಗೆ. "ಊರ ಮಂದಿ ಎಲ್ಲಾ ಸಹಿ ಹಾಕಿದ್ರು."

ನಾನು ಕಾಗದವನ್ನು ಮತ್ತೆ ಬಿಚ್ಚಿದೆ. ಆಗ ಕೆಳಗಿನ ಎಡ ಮೂಲೆ ಕಣ್ಣಿಗೆ ಬಿತ್ತು. ಕಚೇರಿಯ ಕಾಗದಗಳಲ್ಲಿ ಟೈಪು ಮಾಡಿದವರ ಹೆಸರಿನ ಮೊದಲಕ್ಷರಗಳನ್ನು ಅಲ್ಲಿ ಸಣ್ಣದಾಗಿ ಹಾಕುತ್ತಾರೆ. ಅಲ್ಲಿದ್ದದ್ದು ನನ್ನವು. ಹಾಲು ಉಕ್ಕಿದ್ದಕ್ಕೆ, ಫೇಲ್ ಎಂದಿದ್ದಕ್ಕೆ ಎದೆ ಹಿಡಿದುಕೊಂಡವಳಿಗೆ ಈಗ ಕೈ ಎದೆಯವರೆಗೆ ಏಳಲಿಲ್ಲ. ದಿನಕ್ಕೆ ಅಂಥ ಇಪ್ಪತ್ತು ಕಾಗದ ಟೈಪು ಮಾಡುತ್ತಿದ್ದೆ. ಹಳ್ಳಿ ಹಳ್ಳಿಗೆ ಹೋಗಿ ಕಾಗದ ಓದಿ ಹೇಳುತ್ತಿದ್ದ ಪೋಸ್ಟ್‌ಮನ್ನಿನ ಮಗಳು ನಾನು. ಔರಾದಿನ ಕುರಿಗಾರನಿಗೆ ಇಂಗ್ಲಿಷಿನ ಈ ಕಾಗದವನ್ನು ಯಾರು ಓದಿ ಹೇಳುತ್ತಾರೆ ಎಂಬ ಯೋಚನೆ ಒಂದು ದಿನವೂ ನನಗೆ ಬಂದಿರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

"ಆಯಿ, ಇದನ್ನ ಟೈಪ ಮಾಡಿದಾಕಿ ನಾನೇ" ಎಂದೆ. ಹೇಳದೆಯೂ ಇರಬಹುದಿತ್ತು. ಆದರೆ ಬೆಳಿಗ್ಗೆ ಹಚ್ಚಿದ ಭಂಡಾರ ಇನ್ನೂ ಹಣೆಯ ಮೇಲಿತ್ತು.

ಹಿಂದಿನ ಬಯಲಿನಲ್ಲಿ ಮಗ ಹಿಂಡನ್ನು ಒಳಗೆ ಬಿಡುತ್ತಿದ್ದ ಸದ್ದು ಕೇಳಿಸುತ್ತಿತ್ತು. ಅವತ್ತು ಅವಳು ಬಾಗಿಲಿಗೆ ಹೋಗಲಿಲ್ಲ.

"ಹಂಗಾದ್ರ ನೀ ಟೈಪ ಮಾಡುವಾಗೂ ಸುಳ್ಳ ಅಂತ ಇದ್ದಿದ್ದಿಲ್ಲ" ಎಂದಳು.

"ಇದ್ದಿದ್ದಿಲ್ಲ ಆಯಿ."

"ಯಾವ ಸಾಲಿನಾಗ ಅದ, ಆ ಕೇಳಿದ್ದು?"

ನಾನು ಬೆರಳಿಟ್ಟು ತೋರಿಸಿದೆ. ಅವಳು ಎದ್ದು ಜಗಲಿಯಿಂದ ಭಂಡಾರದ ಬಟ್ಟಲು ತಂದಳು. ನನ್ನ ಬೆರಳನ್ನು ಸರಿಸಿ, ತನ್ನ ಬೆರಳನ್ನು ಬಟ್ಟಲಿನಲ್ಲಿ ಅದ್ದಿ, ಆ ಸಾಲಿನ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಎಳೆದಳು. ಆಮೇಲೆ ಮೇಲಿನ ಸಾಲಿಗಾಗಲಿ ಕೆಳಗಿನ ಸಾಲಿಗಾಗಲಿ ಹತ್ತಿದೆಯೇನೋ ಎಂದು ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಹತ್ತಿಲ್ಲವೆಂದು ಖಾತ್ರಿಯಾದ ಮೇಲೆ ಸಿದ್ದಪ್ಪನ ಫೋಟೋದ ಮುಂದೆ ಬಿಚ್ಚಿಯೇ ಇಟ್ಟಳು.